ಬಾಗಿಲು ಕಾಯುವವನಿಗೆ ಏನು ಬೇಕು?

ಈ ವಾರ ನಮ್ಮ ಲಾರ್ಪ್ (ವೇಷ ಹಾಕಿ, ಪಾತ್ರವಾಗಿಯೇ ನಡೆದಾಡಿ ಆಡುವ ಆಟ) ತಂಡದ ಮೀಟಿಂಗ್ ಮಧ್ಯದಲ್ಲೇ ನಿಂತುಹೋಯಿತು. ಹೊಸದಾಗಿ ಸೇರಿದ ಹುಡುಗನೊಬ್ಬ ಒಂದು ಪ್ರಶ್ನೆ ಕೇಳಿದ. ಅಲ್ಲಿದ್ದ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಅವತ್ತಿನಿಂದ ಏನೇ ಕೆಲಸ ಮಾಡುತ್ತಿದ್ದರೂ ಅದೇ ಮಾತು ತಲೆಯಲ್ಲಿ ತಿರುಗುತ್ತಿದೆ.

ನಾವು ಕಟ್ಟುತ್ತಿರುವ ಆಟದ ಕಥೆ ಇಷ್ಟು. ಡ್ರ್ಯಾಗನ್ ಬೇಟೆಗಾರರ ಸಂಘ ತನ್ನ ವಾರ್ಷಿಕ ಸಭೆಗೆ ಒಂದು ಹಾಲ್ ಬುಕ್ ಮಾಡಿದೆ. ಅದೇ ಸಂಜೆ ಅದೇ ಹಾಲನ್ನು ಡ್ರ್ಯಾಗನ್‌ಗಳ ಸಂಘವೂ ಬುಕ್ ಮಾಡಿದೆ, ಮನುಷ್ಯರ ವೇಷದಲ್ಲಿ, ಸುಳ್ಳು ಹೆಸರಿನಲ್ಲಿ. ಬೇಟೆಗಾರರೂ ಸಾಚಾ ಜನ ಅಲ್ಲ. ಅವರಲ್ಲಿ ಅರ್ಧ ಜನ ಜೀವಮಾನದಲ್ಲಿ ಒಂದು ಡ್ರ್ಯಾಗನ್ ಕೂಡ ಕಂಡವರಲ್ಲ, ದೊಡ್ಡ ದೊಡ್ಡ ಬಿರುದು ಇಟ್ಟುಕೊಂಡು ತಿರುಗುವವರು. ನಾವು ಈ ಆಟ ಆಡಿಸಲಿರುವ ಸಮಾವೇಶದಲ್ಲಿ ನಮಗೆ ಸಿಕ್ಕಿರುವುದು ಒಂದು ದೊಡ್ಡ ಹಾಲ್, 4 ಗಂಟೆ ಸಮಯ. ಆಡುವವರು 60 ಜನ.

ಲಾರ್ಪ್ ಆಡಿ ಗೊತ್ತಿಲ್ಲದವರಿಗೆ ಎರಡು ಮಾತು. ಇಲ್ಲಿ ಪ್ರೇಕ್ಷಕರಿಲ್ಲ, ಬರೆದಿಟ್ಟ ಸಂಭಾಷಣೆಯೂ ಇಲ್ಲ. ನಿಮ್ಮ ಕೈಗೆ ಪಾತ್ರದ ಹಾಳೆ ಬರುತ್ತದೆ. ನೀವು ಯಾರು, ಯಾರ ಮೇಲೆ ಸಿಟ್ಟು, ಯಾವ ಗುಟ್ಟು ಕಾಯ್ತಾ ಇದ್ದೀರಿ, ಇಷ್ಟು ಅದರಲ್ಲಿರುತ್ತದೆ. ಮಿಕ್ಕದ್ದೆಲ್ಲ ನೀವು ಆಡಿದ್ದೇ.

ಹುಡುಗನಿಗೆ ಕೊಟ್ಟಿದ್ದು ಹಾಲಿನ ಬಾಗಿಲು ಕಾಯುವವನ ಪಾತ್ರ. ಎಲ್ಲರ ಹಾಳೆ ಎರಡು ಪುಟ ಇದ್ದರೆ ಅವನದು ಐದಾರು ಸಾಲು. ಓದಿ ಮುಗಿಸಿ ತಲೆ ಎತ್ತಿದ.

‘ಅಣ್ಣಾ, ಇವನಿಗೆ ಏನು ಬೇಕು?’

‘ಯಾರಿಗೆ?’ ಅಂತ ನಮ್ಮ ಮುಖ್ಯ ಕಥೆಗಾರ ಕೇಳಿದ.

‘ಬಾಗಿಲು ಕಾಯೋನಿಗೆ.’

‘ಅವನಿಗೆ ಏನೂ ಬೇಡ ಕಣೋ. ಕಿವಿ ಕೇಳಿಸಲ್ಲ ಅವನಿಗೆ. ಒಂದು ಹೇಳಿದ್ರೆ ಇನ್ನೊಂದು ಕೇಳಿಸ್ಕೋತಾನೆ. ಅದೇ ತಮಾಷೆ.’

‘ಸರಿ. ಹಾಗಾದ್ರೆ ನಾಲ್ಕು ಗಂಟೆ ನಾನೇನು ಮಾಡ್ಲಿ?’

ಅವನ ದನಿಯಲ್ಲಿ ಸಿಟ್ಟು ಇರಲಿಲ್ಲ, ವಾದಕ್ಕೆ ನಿಂತ ಹಾಗೂ ಇರಲಿಲ್ಲ. ನಿಜವಾಗಿ ತಿಳಿದುಕೊಳ್ಳಬೇಕು ಅಂತಲೇ ಕೇಳಿದ್ದ. ಅದಕ್ಕೇ ಅದು ಅಷ್ಟು ತಾಗಿತು.

ಕಥೆಗಾರನ ಬಗ್ಗೆ ಹೇಳಬೇಕು. ನಮ್ಮಲ್ಲಿ ಅವನಷ್ಟು ವೇಗವಾಗಿ ತಮಾಷೆ ಹುಟ್ಟಿಸುವವರು ಯಾರೂ ಇಲ್ಲ. ಆದರೆ ಅವನಿಗೆ ತನ್ನ ಸಾಲುಗಳ ಮೇಲೆ ವಿಪರೀತ ಪ್ರೀತಿ. ಹಾಳೆ ಓದಿದ ತಕ್ಷಣ ನಗು ಬಂತು ಅಂದರೆ ಪಾತ್ರ ರೆಡಿ ಅಂತ ಅವನ ಲೆಕ್ಕ. ಹಾಳೆಯ ಮೇಲಿನ ತಮಾಷೆ ಓದಿದಾಗ ಒಂದು ಸಲ ನಗಿಸುತ್ತದೆ, ಹಾಲಿನಲ್ಲಿ ಇನ್ನೊಂದು ಸಲ ನಗಿಸಬಹುದು. ತಪ್ಪಾಗಿ ಕೇಳಿಸಿಕೊಳ್ಳುವ ಮನುಷ್ಯನ ತಮಾಷೆ ಹತ್ತು ನಿಮಿಷ ನಡೆಯುತ್ತದೆ. ಆಮೇಲೆ ಬಂದವರು ಅವನನ್ನು ದಾಟಿ ಒಳಗೆ ಹೋಗುತ್ತಾರೆ, ಅವನು ಬಾಗಿಲಲ್ಲೇ ನಿಂತಿರುತ್ತಾನೆ. ವೇದಿಕೆಯ ಮೇಲಾದರೆ ಅವನು ಆಚೆ ಹೋಗಿ ನೀರು ಕುಡಿದು ಕೂರಬಹುದು. ಇಲ್ಲಿ ಅವನೂ ಒಬ್ಬ ಆಟಗಾರ. ಉಳಿದ 59 ಜನರ ಹಾಗೆ ಹೆಸರು ಬರೆಸಿ, ವೇಷ ಹೊಂದಿಸಿಕೊಂಡು, ಆಸೆಯಿಂದ ಬಂದವನು.

ಕಾಮಿಡಿ ಲಾರ್ಪ್ ಬರೆಯುವುದು ಕಷ್ಟ ಯಾಕೆ ಅಂದರೆ, 60 ಜನರ ಹಾಲಿನಲ್ಲಿ ಯಾರಿಗೂ ಎಲ್ಲವೂ ಕಾಣುವುದಿಲ್ಲ. ಒಂದು ಮೂಲೆಯಲ್ಲಿ ಭರ್ಜರಿ ತಮಾಷೆ ನಡೆದರೆ ಅದನ್ನು ನೋಡುವವರು ಹತ್ತಿರ ಇದ್ದ ನಾಲ್ಕೈದು ಜನ. ಆದ್ದರಿಂದ ಪ್ರತಿ ಮೂಲೆಯೂ ತನ್ನ ನಗುವನ್ನು ತಾನೇ ಹುಟ್ಟಿಸಿಕೊಳ್ಳಬೇಕು. ನಾವು ಬರೆದ ಜೋಕುಗಳು ಅಷ್ಟು ದೂರ ಹೋಗುವುದಿಲ್ಲ. ಪ್ರತಿಯೊಬ್ಬರಿಗೂ ಏನೋ ಒಂದು ತುಂಬಾ ಬೇಕಾಗಿರಬೇಕು, ಅದು ಸಿಗದಂತೆ ಇನ್ನೊಬ್ಬರ ಬಯಕೆ ಅಡ್ಡ ಬರಬೇಕು, ಇಬ್ಬರೂ ಅದನ್ನು ಪ್ರಾಣ ಹೋಗುವಷ್ಟು ಸೀರಿಯಸ್ಸಾಗಿ ತೆಗೆದುಕೊಳ್ಳಬೇಕು. ಆಗ ನಗು ತಾನಾಗಿ ಬರುತ್ತದೆ.

ಇದೇನು ಹೊಸ ಮಾತಲ್ಲ. 16ನೇ ಶತಮಾನದಲ್ಲಿ ಇಟಲಿಯಲ್ಲಿ ಬೆಳೆದ ಕೊಮೆದಿಯಾ ದೆಲ್ಲಾರ್ತೆ ನಾಟಕಗಳಲ್ಲೂ ಸಂಭಾಷಣೆ ಬರೆದಿಡುತ್ತಿರಲಿಲ್ಲ. ಕಥೆಯ ಎಳೆ ಮಾತ್ರ ಇಟ್ಟುಕೊಂಡು ನಟರು ಅಲ್ಲೇ ಆಡುತ್ತಿದ್ದರು. ಅದರಲ್ಲಿ ಆರ್ಲೆಕಿನೊ ಅನ್ನುವ ಸೇವಕನಿಗೆ ಯಾವಾಗಲೂ ಹಸಿವು. ಪಾಂಟಲೋನೆ ಅನ್ನುವ ಮುದುಕನಿಗೆ ದುಡ್ಡಿನ ಆಸೆ. ಸೇವಕನ ಪಾತ್ರ ಅಂತ ಅವನನ್ನು ಸುಮ್ನೆ ಪೆದ್ದನನ್ನಾಗಿ ಮಾಡಿ ಬಿಟ್ಟಿದ್ದರೆ ಜನ ಒಂದು ಸಂಜೆ ನಕ್ಕು ಮರೆಯುತ್ತಿದ್ದರು. ಅವನ ಹೊಟ್ಟೆ ನಿಜವಾಗಿ ಹಸಿದಿತ್ತು. 1984ರಲ್ಲಿ ಬಂದ ಪ್ಯಾರನೋಯಾ ಆಟವನ್ನೇ ನೋಡಿ, ಅದು ಮೇಜಿನ ಸುತ್ತ ಕೂತು ಆಡುವ ರೋಲ್‌ಪ್ಲೇಯಿಂಗ್ ಆಟ. ಅಲ್ಲಿ ದೇಶದ್ರೋಹಿಗಳನ್ನು ಹಿಡಿಯುವುದು ಆಟಗಾರರ ಕೆಲಸ. ಆದರೆ ಅವರಲ್ಲಿ ಪ್ರತಿಯೊಬ್ಬನೂ ಗುಪ್ತ ಸಂಘದ ಸದಸ್ಯ, ಮೇಲಾಗಿ ಮ್ಯೂಟಂಟ್, ಅಂದರೆ ವಿಚಿತ್ರ ಶಕ್ತಿ ಇರುವವನು. ಎರಡೂ ಅಪರಾಧವೇ. ಅಲ್ಲಿ ಎಲ್ಲರೂ ಜೀವ ಉಳಿಸಿಕೊಳ್ಳಲು ಒದ್ದಾಡುತ್ತಿರುತ್ತಾರೆ, ನಗು ಬರುವುದೇ ಅದರಿಂದ.

ಮೀಟಿಂಗ್‌ಗೆ ಬರುತ್ತೇನೆ. ‘ನಾಲ್ಕು ಗಂಟೆ ನಾನೇನು ಮಾಡ್ಲಿ’ ಅಂದ ಮೇಲೆ ಮೊದಲು ಮಾತಾಡಿದವರು ನಮ್ಮ ಪಟ್ಟಿಗಳನ್ನೆಲ್ಲ ನೋಡಿಕೊಳ್ಳುವ ಅಕ್ಕ. ಯಾರಿಗೆ ಯಾವ ಪಾತ್ರ, ಯಾರು ಯಾರ ಜೊತೆ ಆಡಲು ಒಲ್ಲೆ ಅಂದಿದ್ದಾರೆ, ಯಾವ ಗುಟ್ಟು ಎಷ್ಟು ಜನಕ್ಕೆ ಗೊತ್ತು, ಎಲ್ಲ ಅವರ ಸ್ಪ್ರೆಡ್‌ಶೀಟ್‌ನಲ್ಲಿದೆ. ಈ ಆಟ ನಡೆದರೆ ಅರ್ಧಕ್ಕಿಂತ ಜಾಸ್ತಿ ಅವರಿಂದಲೇ ನಡೆಯುತ್ತದೆ. ಅವರಿಗೆ ಥ್ಯಾಂಕ್ಸ್ ಹೇಳಿದವರನ್ನು ನಾನು ಕಂಡಿಲ್ಲ. ಅವರು ಮೆಲ್ಲಗೆ ಹೇಳಿದರು: ‘ನಾನು ಆ ಪಾತ್ರನ ಬಿಟ್ಟರೂ ನಡೆಯುತ್ತೆ ಅನ್ನೋ ಪಟ್ಟಿಗೆ ಹಾಕಿದ್ದೆ.’

ಆ ಪಟ್ಟಿ ಬೇಕೇ ಬೇಕು. ಸಮಾವೇಶಕ್ಕೆ ಬಂದವರು ರಾತ್ರಿಯೆಲ್ಲ ಎದ್ದಿರುತ್ತಾರೆ, ಬೆಳಿಗ್ಗೆ ಮಲಗಿಬಿಡುತ್ತಾರೆ, ಇಲ್ಲ ಇನ್ನೊಂದು ಕಾರ್ಯಕ್ರಮದಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ. ಆಡುತ್ತೇನೆ ಅಂದವರೆಲ್ಲ ಬರುವುದಿಲ್ಲ. ಅದಕ್ಕೇ ಯಾವ ಮುಖ್ಯ ಗುಟ್ಟೂ ಒಬ್ಬರ ಕೈಯಲ್ಲಿ ಮಾತ್ರ ಇರಬಾರದು, ಮೂರು ಜನಕ್ಕಾದರೂ ಗೊತ್ತಿರಬೇಕು. ಕೆಲವು ಪಾತ್ರಗಳನ್ನು ಕೊನೆ ಗಳಿಗೆಯಲ್ಲಿ ತೆಗೆದರೂ ಕಥೆ ಕುಸಿಯಬಾರದು. ಇದೆಲ್ಲ ಸರಿ. ಆದರೆ ಬಿಟ್ಟರೂ ನಡೆಯುವ ಪಾತ್ರ ಅಂದರೆ ಬಂದರೂ ಕೆಲಸವಿಲ್ಲದ ಪಾತ್ರ ಅಂತ ನಮ್ಮ ತಲೆಯಲ್ಲಿ ಹೇಗೋ ಕೂತುಬಿಟ್ಟಿತ್ತು. ಎರಡೂ ಬೇರೆ ಬೇರೆ ಅಲ್ವಾ?

ಕಥೆಗಾರ ಸ್ವಲ್ಪ ಹೊತ್ತು ಸುಮ್ಮನಿದ್ದ. ನನಗೆ ಅವನ ಮೇಲೆ ಪ್ರೀತಿ ಜಾಸ್ತಿಯಾಗಿದ್ದು ಆಗಲೇ. ಪೆನ್ನನ್ನು ಹುಡುಗನ ಕಡೆ ತಳ್ಳಿ, ‘ನಿನಗೇನು ಅನ್ಸುತ್ತೆ, ಅವನಿಗೆ ಏನು ಬೇಕು?’ ಅಂದ.

ಹುಡುಗ ಯೋಚಿಸಿ ಹೇಳಿದ್ದು ಹೀಗೆ. ಬಾಗಿಲು ಕಾಯುವವನಿಗೆ ಇವತ್ತು ಕೆಲಸದ ಕೊನೇ ದಿನ. ಇಷ್ಟು ವರ್ಷದಲ್ಲಿ ಒಂದು ಸಲವೂ ಹಾಲಿನ ರಿಜಿಸ್ಟರ್ ಪೂರ್ತಿ ತುಂಬಿಲ್ಲ. ಯಾರೋ ಒಬ್ಬರು ಸಹಿ ಹಾಕದೆ ನುಸುಳಿಬಿಡುತ್ತಾರೆ. ಇವತ್ತು ಒಳಗೆ ಬಂದ ಪ್ರತಿಯೊಬ್ಬರೂ ತಮ್ಮ ನಿಜವಾದ ಪೂರ್ತಿ ಹೆಸರು ಬರೆಯಬೇಕು. ಅಷ್ಟು ಆದರೆ ಅವನು ನೆಮ್ಮದಿಯಾಗಿ ಮನೆಗೆ ಹೋಗುತ್ತಾನೆ.

‘ಕಿವಿ?’ ಅಂತ ಯಾರೋ ಕೇಳಿದರು.

‘ಕಿವಿ ಮಂದ ಇರ್ಲಿ. ತಪ್ಪು ಕೇಳಿಸ್ಕೊಳ್ಳೋದು ಬೇಡ. ಕೇಳಿಸದೇ ಇದ್ರೆ ಇನ್ನೊಂದ್ಸಲ ಜೋರಾಗಿ ಹೇಳಿ ಅಂತಾನೆ, ಅಷ್ಟೇ.’

ನಮಗೆ ಅರ್ಥವಾಗಲು ಒಂದು ಕ್ಷಣ ಹಿಡಿಯಿತು. ಹಾಲಿನಲ್ಲಿರುವ 60 ಜನರಲ್ಲಿ ಬಹುಪಾಲು ಜನ ತಮ್ಮ ಹೆಸರು ಮುಚ್ಚಿಟ್ಟುಕೊಂಡು ಬಂದವರು. ಡ್ರ್ಯಾಗನ್ ತನ್ನ ನಿಜವಾದ ಹೆಸರನ್ನು ಈ ಮನುಷ್ಯನ ಕಿವಿಯಲ್ಲಿ ಪಿಸುಗುಟ್ಟುವ ಹಾಗಿಲ್ಲ. ಜೋರಾಗಿ ಹೇಳಬೇಕು, ಪಕ್ಕದಲ್ಲಿ ಬೇಟೆಗಾರ ನಿಂತಿರುವಾಗ.

ತಕ್ಷಣ ಕುರ್ಚಿಗಳನ್ನು ಸರಿಸಿ ಸ್ವಲ್ಪ ಹೊತ್ತು ಆಡಿ ನೋಡಿದೆವು. ವೇಷಭೂಷಣದ ಉಸ್ತುವಾರಿ ವಹಿಸಿರುವ ಗೆಳತಿ ಬೇಟೆಗಾರರ ಅಧ್ಯಕ್ಷೆಯಾದಳು. ಅವಳು ಬಿರುದುಗಳನ್ನೆಲ್ಲ ಸೇರಿಸಿ ಎರಡು ಸಾಲು ಬರೆದಳು. ಹುಡುಗ ನಿಧಾನವಾಗಿ ಓದಿ, ‘ಅಮ್ಮಾ, ಇದರಲ್ಲಿ ನಿಮ್ಮ ಹೆಸರು ಯಾವುದು?’ ಅಂದ. ಅವಳು ಏನೋ ಗೊಣಗಿದಳು. ‘ಕ್ಷಮಿಸಿ, ಕೇಳಿಸ್ಲಿಲ್ಲ.’ ಅವಳು ಸುತ್ತಮುತ್ತ ನೋಡಿದಳು. ‘ನನಗೋಸ್ಕರ ಒಂದೇ ಒಂದು ಸಲ ಜೋರಾಗಿ ಹೇಳಿಬಿಡಿ ಅಮ್ಮಾ.’ ಅಷ್ಟು ವಿನಯ, ಅಷ್ಟು ತಾಳ್ಮೆ. ನಾವು ನಕ್ಕು ನಕ್ಕು ಕಣ್ಣಲ್ಲಿ ನೀರು ಬಂತು. ಅವಳ ಹಿಂದೆ ನಿಂತಿದ್ದ ಇಬ್ಬರು ಸಾಲು ಬಿಟ್ಟು ಕಿಟಕಿಯಿಂದ ಒಳಗೆ ಹೋಗುವ ಪ್ಲಾನ್ ಶುರು ಮಾಡಿದ್ದರು. ಯಾರೂ ಬರೆಯದೇ ಒಂದು ಹೊಸ ಕಥೆ ಹುಟ್ಟಿಬಿಟ್ಟಿತ್ತು.

ಗಮನಿಸಿ, ಅವನು ಒಂದೇ ಒಂದು ಜೋಕ್ ಹೇಳಲಿಲ್ಲ.

ಸಮಾವೇಶಗಳಲ್ಲಿ ಇಂಥ ಆಟಕ್ಕೆ ಹಳೇ ಚರಿತ್ರೆಯೇ ಇದೆ. 1983ರಲ್ಲಿ ಬಾಸ್ಟನ್‌ನ ಬಾಸ್ಕೋನ್ ಅನ್ನುವ ಸೈನ್ಸ್ ಫಿಕ್ಷನ್ ಸಮಾವೇಶದಲ್ಲಿ ಸೊಸೈಟಿ ಫಾರ್ ಇಂಟರಾಕ್ಟಿವ್ ಲಿಟರೇಚರ್ ಅನ್ನುವ ಗುಂಪು ರೀಕಾನ್-1 ಅನ್ನುವ ಆಟ ನಡೆಸಿತು. ಇನ್ನೊಂದು ಕಡೆ, 1997ರಲ್ಲಿ ಓಸ್ಲೋದಲ್ಲಿ ಶುರುವಾದ ಕ್ನೂಟೆಪುಂಕ್ಟ್ ಕೂಟದಲ್ಲಿ ಉತ್ತರ ಯುರೋಪಿನವರು ವರ್ಷ ವರ್ಷ ಸೇರಿ ಲಾರ್ಪ್ ಬಗ್ಗೆ ಗಂಭೀರವಾಗಿ ಚರ್ಚಿಸುತ್ತಾ ಬಂದಿದ್ದಾರೆ. ಆ ಕಡೆಯ ಆಟಗಳಿಂದ ನಾವು ತೆಗೆದುಕೊಂಡಿರುವುದು ಎರಡು ಪದ: ‘ಕಟ್’ ಮತ್ತು ‘ಬ್ರೇಕ್’. ‘ಕಟ್’ ಅಂದರೆ ಆಟ ಅಲ್ಲೇ ನಿಲ್ಲಬೇಕು. ‘ಬ್ರೇಕ್’ ಅಂದರೆ ಎದುರಿಗಿರುವವರು ಸ್ವಲ್ಪ ಮೆತ್ತಗಾಗಬೇಕು.

ತಮಾಷೆ ಆಟಕ್ಕೆ ಇವೆಲ್ಲ ಯಾಕೆ ಅಂತ ತಂಡದಲ್ಲೇ ಒಬ್ಬರು ವಾದ ಮಾಡಿದ್ದರು. ನನಗೆ ಅದು ಒಂದು ಚೂರೂ ಒಪ್ಪಿಗೆಯಿಲ್ಲ. ಭಯದ ಆಟದಲ್ಲಿ ಯಾರಾದರೂ ಅತ್ತರೆ ಕಾಣುತ್ತದೆ. ತಮಾಷೆ ಆಟದಲ್ಲಿ ನೋವಾದವರು ಎಲ್ಲರ ಜೊತೆ ನಗುತ್ತಲೇ ಇರುತ್ತಾರೆ. ಗುಂಪು ನಗುವಾಗ ನಗದೇ ನಿಲ್ಲುವುದು ತುಂಬಾ ಕಷ್ಟ. ಅದಕ್ಕೇ ಬಾಯಿ ಬಿಡದೆ ವಿಚಾರಿಸುವ ಕೈಸನ್ನೆಯನ್ನೂ ಇಟ್ಟಿದ್ದೇವೆ. ಬೆರಳುಗಳನ್ನು ದುಂಡಗೆ ಹಿಡಿದು ತೋರಿಸಿದರೆ ‘ಸರಿ ಇದ್ದೀರಾ?’ ಅಂತ ಅರ್ಥ. ಹೆಬ್ಬೆರಳು ಮೇಲೆ ಮಾಡಿದರೆ ಸರಿ ಇದ್ದಾರೆ. ಇನ್ನು ಹೇಗೇ ತೋರಿಸಿದರೂ ಅವರನ್ನು ಪಕ್ಕಕ್ಕೆ ಕರೆದು ಮಾತಾಡಿಸಬೇಕು.

ಹುಡುಗನ ಪ್ರಶ್ನೆ ಕೇಳಿದಾಗಿನಿಂದ ನನಗೆ ಹಿಂದೆ ಜೊತೆಗೆ ಕೆಲಸ ಮಾಡಿದ ಒಬ್ಬರು ನೆನಪಾಗುತ್ತಿದ್ದಾರೆ. ಅವರಿಗೆ ಹೆಸರುಗಳು ನೆನಪಿರುತ್ತಿರಲಿಲ್ಲ. ಎಲ್ಲರನ್ನೂ ತಪ್ಪು ಹೆಸರಿಂದ ಕರೆಯುತ್ತಿದ್ದರು. ಇಡೀ ಆಫೀಸಿಗೆ ಅದೇ ತಮಾಷೆ. ಅವರು ಕೋಣೆಗೆ ಬಂದರೆ ಸಾಕು, ಎಲ್ಲರ ಮುಖದಲ್ಲಿ ನಗು ತಯಾರಾಗಿರುತ್ತಿತ್ತು. ಅವರೂ ನಗುತ್ತಿದ್ದರು. ಒಂದು ದಿನ ಕೆಲಸ ಬಿಟ್ಟು ಹೋದರು. ಎಲ್ಲಿಗೆ ಹೋದರು, ಯಾಕೆ ಹೋದರು, ಅಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಅಷ್ಟು ವರ್ಷ ದಿನವೂ ಅವರ ವಿಷಯವೇ ಮಾತಾಡುತ್ತಿದ್ದೆವು, ಅವರಿಗೆ ಏನು ಬೇಕಾಗಿತ್ತು ಅನ್ನುವುದು ಮಾತ್ರ ಯಾರ ಬಾಯಲ್ಲೂ ಬಂದಿರಲಿಲ್ಲ. ಪ್ರತಿ ಕ್ಲಾಸಿನಲ್ಲಿ, ಪ್ರತಿ ಮನೆಯಲ್ಲಿ, ಪ್ರತಿ ಗೆಳೆಯರ ಗುಂಪಿನಲ್ಲಿ ಇಂಥವರು ಒಬ್ಬರು ಇದ್ದೇ ಇರುತ್ತಾರೆ. ಅವರ ಬಗ್ಗೆ ನಮ್ಮ ಹತ್ತಿರ ಐದಾರು ಸಾಲು ಮಾತ್ರ ಇರುತ್ತದೆ. ನಗಲು ಅಷ್ಟು ಸಾಕಾಗುತ್ತದೆ, ಹಾಗಾಗಿ ಆರನೇ ಸಾಲಿನ ಮುಂದೆ ಏನಿದೆ ಅಂತ ಯಾರೂ ನೋಡಲು ಹೋಗುವುದಿಲ್ಲ.

ಹುಡುಗನಿಗೆ ಆ ಪ್ರಶ್ನೆ ಎಲ್ಲಿಂದ ಬಂತೋ. ಅವನು ಹೇಳಲಿಲ್ಲ, ನಾನು ಕೇಳಲೂ ಇಲ್ಲ. ವಯಸ್ಸಿನಲ್ಲಿ ನಮ್ಮೆಲ್ಲರಿಗಿಂತ ಚಿಕ್ಕವನು. ಹೊಸ ತಂಡದಲ್ಲಿ, ಎಲ್ಲರೂ ಮೆಚ್ಚಿಕೊಂಡ ಹಾಳೆ ಹಿಡಿದು, ಆ ಮಾತು ಕೇಳುವುದಕ್ಕೆ ಧೈರ್ಯ ಬೇಕು.

ಈಗ ಪ್ರತಿ ಹಾಳೆಯ ಮೇಲ್ಗಡೆ ಒಂದು ಸಾಲು ಕಡ್ಡಾಯ: ‘ಈ ಸಂಜೆ ನನಗೆ ಬೇಕಾಗಿರುವುದು’. ಅದನ್ನು ತುಂಬಲಾಗದ ಪಾತ್ರ ಆಟಕ್ಕೆ ಹೋಗುವುದಿಲ್ಲ. ಕೊನೆ ಗಳಿಗೆಯಲ್ಲಿ ಬಾಗಿಲಿಗೆ ಬಂದು ‘ನಾವೂ ಆಡಬಹುದಾ’ ಅಂತ ಕೇಳುವವರಿಗಾಗಿ ಬರೆದ ಚಿಕ್ಕ ಪಾತ್ರಗಳಿಗೂ ಇದೇ ನಿಯಮ. ಹಾಗೆ ನೋಡಿದಾಗ ಹನ್ನೊಂದು ಪಾತ್ರಗಳು ಖಾಲಿ ಸಿಕ್ಕವು. ಕಥೆಗಾರ ಅದರಲ್ಲಿ ಆರು ತಾನೇ ಬರೆಯುತ್ತೇನೆ ಅಂತ ತೆಗೆದುಕೊಂಡ. ನಿನ್ನೆ ರಾತ್ರಿ ಎರಡು ಕಳಿಸಿದ್ದಾನೆ. ಎರಡರಲ್ಲೂ ಜೋಕು ಕಡಿಮೆ, ಕೆಲಸ ಜಾಸ್ತಿ. ನನ್ನ ಪಾಲಿಗೆ ಬಂದಿರುವುದು ಡ್ರ್ಯಾಗನ್ ಸಂಘದ ಖಜಾಂಚಿ. ಹಳೇ ಹಾಳೆಯಲ್ಲಿ ಅವಳು ಎಣಿಸಲು ಬಾರದವಳು, ಅಷ್ಟೇ. ಹೊಸ ಹಾಳೆಯಲ್ಲಿ ಅವಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ. ಸಂಘದ ಚಿನ್ನದ ರಾಶಿಯಲ್ಲಿ ಒಂದು ನಾಣ್ಯ ಕಡಿಮೆ ಇರುವುದು ಅವಳಿಗೊಬ್ಬಳಿಗೇ ಗೊತ್ತು, ಈ ಸಂಜೆ ಸಭೆ ಮುಗಿಯುವುದರೊಳಗೆ ಯಾರ ಹತ್ತಿರವಾದರೂ ಒಂದು ನಾಣ್ಯ ಸಾಲ ತೆಗೆದುಕೊಳ್ಳಬೇಕು. ಸಿಗುವುದಾದರೆ ಬೇಟೆಗಾರರ ಹತ್ತಿರವೇ ಸಿಗಬೇಕು, ಸಾಲಪತ್ರಕ್ಕೆ ಸಹಿಯೂ ಬೇಕು. ಅದನ್ನು ಬಾಗಿಲಿನ ರಿಜಿಸ್ಟರಿಗೆ ಹೇಗೆ ಜೋಡಿಸುವುದು ಅಂತ ಇವತ್ತು ಹುಡುಗನ ಜೊತೆ ಕೂತು ಬರೆಯಬೇಕು.