ಚಿನ್ನ ಮಂಕಾದಾಗಲೂ ನಿಲ್ಲುವ ಗೆರೆ

ಮೈಸೂರು ಸಾಂಪ್ರದಾಯಿಕ ಚಿತ್ರ ಅಂದ ತಕ್ಷಣ ಮಾತು ಚಿನ್ನಕ್ಕೆ ಹೋಗುತ್ತದೆ. ಎಷ್ಟು ಕ್ಯಾರೆಟ್ಟು, ರೇಕು ಎನ್ನುವ ಚಿನ್ನದ ತೆಳು ಹಾಳೆ ಎಷ್ಟು, ಎಷ್ಟು ಉಬ್ಬು ಎಂದು ವಿಚಾರಿಸುವವರೇ ಹೆಚ್ಚು. ಗೆರೆ ಹೇಗಿದೆ ಎಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಈ ಶೈಲಿಯಲ್ಲಿ ನೋಡುವವರ ಕಣ್ಣನ್ನು ನಡೆಸುವುದು ಗೆರೆಯೇ. ಚಿನ್ನದ ರೇಕನ್ನು ಬಣ್ಣ ಎನ್ನುವುದಕ್ಕಿಂತ ಕನ್ನಡಿ ಎನ್ನುವುದು ಸರಿ. ಬೆಳಕಿನ ಕೋನ ಕೂಡಿಬಂದರೆ ಚಿತ್ರದ ದೇವರ ಕಿರೀಟ ಝಗ್ಗೆನ್ನುತ್ತದೆ, ಎರಡು ಹೆಜ್ಜೆ ಪಕ್ಕಕ್ಕೆ ಸರಿದರೆ ಅದೇ ಕಿರೀಟ ಕಂದಾಗಿ ಮಂಕಾಗುತ್ತದೆ. ಆ ಮಂಕಿನಲ್ಲೂ ಕಿರೀಟ ಕಿರೀಟವಾಗಿಯೇ ಕಾಣಬೇಕಾದರೆ ಅದನ್ನು ಹಿಡಿದು ನಿಲ್ಲಿಸಲು ಗೆರೆ ಬೇಕು.

ಉಬ್ಬು ಕೆಲಸದಿಂದಲೇ ಶುರು ಮಾಡೋಣ. ಸಫೇದು ಎಂಬ ಬಿಳಿ ಪುಡಿ, ಗೋಂದು, ಗ್ಯಾಂಬೋಜ್ ಎಂಬ ಹಳದಿ ಮರದಂಟು, ಈ ಮೂರನ್ನು ಅರೆದರೆ ಚಿನ್ನದ ಕೆಳಗೆ ಉಬ್ಬು ಕೊಡುವ ಗೆಸ್ಸೊ ಎಂಬ ಲೇಪ ಸಿದ್ಧ. ಹಿಂದೆ ಸೀಸದ ಸಫೇದು ಬಳಸುತ್ತಿದ್ದರು. ಅದು ವಿಷ, ಸಾಲದ್ದಕ್ಕೆ ಗಾಳಿಯಲ್ಲಿನ ಗಂಧಕ ತಾಗಿ ಕಪ್ಪಾಗುತ್ತದೆ. ಹಾಗಾಗಿ ಈಗ ಜಿಂಕ್ ಆಕ್ಸೈಡ್ ಸಾಕು. ಗ್ಯಾಂಬೋಜ್ ಕೂಡ ಹೊಟ್ಟೆಗೆ ಹೋಗಬಾರದ ವಸ್ತು, ಕುಂಚದ ತುದಿಯನ್ನು ಬಾಯಲ್ಲಿಟ್ಟು ಚೂಪು ಮಾಡುವ ಅಭ್ಯಾಸವಿದ್ದವರು ಇದನ್ನು ಮರೆಯಬಾರದು. ಹಳದಿ ಅಂಟನ್ನು ಸೇರಿಸುವುದರಿಂದ ಇನ್ನೊಂದು ಅನುಕೂಲವಿದೆ: ರೇಕಿನಲ್ಲಿ ಸೂಜಿಮೊನೆಯಷ್ಟು ತೂತು ಬಿದ್ದರೆ ಬಿಳಿ ಇಣುಕುವುದಿಲ್ಲ, ಕೆಳಗಿನ ಹಳದಿ ಚಿನ್ನದೊಳಗೇ ಕರಗಿಹೋಗುತ್ತದೆ.

ಹದ ತಪ್ಪುವುದು ಬಹುತೇಕ ಗೋಂದಿನಲ್ಲಿ. ಗೋಂದು ಜಾಸ್ತಿಯಾದರೆ ಒಣಗುವಾಗ ಮಿಶ್ರಣ ಕುಗ್ಗಿ ಬಿರುಕು ಬಿಡುತ್ತದೆ. ಕಡಿಮೆಯಾದರೆ ಬೆರಳು ತಾಗಿದ ಕಡೆ ಪುಡಿ ಉದುರಿ, ರೇಕೂ ಅದರೊಂದಿಗೆ ಎದ್ದುಬರುತ್ತದೆ. ಒಂದೇ ಸಲಕ್ಕೆ ದಪ್ಪಗೆ ಹಾಕಿದರೂ ಬಿರುಕು ತಪ್ಪದು, ಮೇಲ್ಪದರ ಒಣಗಿ ಬಿಗಿದಿರುತ್ತದೆ, ಒಳಗಿನ್ನೂ ಹಸಿ ಇರುತ್ತದೆ. ಸಣ್ಣ ಕುಂಚದಲ್ಲಿ ತೆಳುವಾಗಿ ಎರಡು ಮೂರು ಸಲ ಹಾಕಿ, ಪ್ರತಿ ಪದರವನ್ನೂ ಒಣಗಲು ಬಿಡಬೇಕು. ಮೈಸೂರು ಚಿತ್ರಗಳ ಉಬ್ಬು ತಂಜಾವೂರು ಶೈಲಿಯ ಚಿತ್ರಗಳದ್ದಕ್ಕಿಂತ ತೀರ ತಗ್ಗು. ಉಬ್ಬು ಎತ್ತರವಾದಷ್ಟೂ ಅದರದೇ ನೆರಳು ಪಕ್ಕದ ಬಣ್ಣದ ಮೇಲೆ ಬೀಳುತ್ತದೆ, ಆ ನೆರಳು ಗೆರೆಯ ಜೊತೆ ಸ್ಪರ್ಧೆಗಿಳಿಯುತ್ತದೆ. ತಗ್ಗು ಉಬ್ಬಿನಲ್ಲಿ ಒಡವೆ ಮೈಗೆ ಅಂಟಿಕೊಂಡಂತೆ ಕಾಣುತ್ತದೆ, ಗೆರೆಗೂ ಕೆಲಸ ಉಳಿಯುತ್ತದೆ. ಕಿರೀಟವನ್ನು ದಪ್ಪ ಮಾಡಿದರೆ ಬೆಲೆ ಏರಬಹುದು, ಮುಖ ಮಾತ್ರ ಹಿಂದೆ ಸರಿಯುತ್ತದೆ.

ಅಂಟು ಮುಟ್ಟಿದರೆ ಬೆರಳಿಗೆ ತುಸು ಹಿಡಿಯುವ ಹದದಲ್ಲಿರುವಾಗ ರೇಕು ಕೂರಿಸಬೇಕು. ಹಸಿಯಾಗಿದ್ದರೆ ರೇಕು ಮುಳುಗಿ ಹೊಳಪು ಸಾಯುತ್ತದೆ, ಪೂರ್ತಿ ಒಣಗಿದ್ದರೆ ಕೂರುವುದಿಲ್ಲ. ಒಣಗಿಬಿಟ್ಟಿದ್ದರೆ ಹತ್ತಿರದಿಂದ ಬಾಯಿಯ ಬಿಸಿಯುಸಿರು ಬಿಡಿ, ಆ ತೇವ ಸಾಕು. ಹಿತ್ತಾಳೆಯ ನಕಲಿ ರೇಕನ್ನು ದೂರವಿಡುವುದೇ ಒಳ್ಳೆಯದು, ಕೆಲವು ವರ್ಷಗಳಲ್ಲಿ ಕಪ್ಪುಗಟ್ಟುತ್ತದೆ.

ಇನ್ನು ಚಿನ್ನದ ನೆರೆಹೊರೆ. ಪಕ್ಕದಲ್ಲಿ ತಿಳಿಹಳದಿ ಸೀರೆ ಬಂದರೆ ಚಿನ್ನದ ಅಂಚು ಕಳೆದುಹೋಗುತ್ತದೆ. ಕಡುಹಸಿರು, ಕಡುಗೆಂಪು, ನೀಲಿ ಬಂದರೆ ಅದೇ ರೇಕು ಎರಡು ಪಟ್ಟು ಬೆಳಗಿದಂತೆ ಕಾಣುತ್ತದೆ. ಕಣ್ಣು ಯಾವ ಬಣ್ಣವನ್ನೂ ಒಂಟಿಯಾಗಿ ನೋಡುವುದಿಲ್ಲ, ಪಕ್ಕದ್ದರೊಂದಿಗೆ ತೂಗಿಯೇ ನೋಡುತ್ತದೆ. ಒಂದು ಬೂದುಬಣ್ಣವನ್ನು ಕಿತ್ತಳೆಯ ಪಕ್ಕ ಬಳಿದು ನೋಡಿ, ನೀಲಿಯ ಛಾಯೆ ಏರಿದಂತೆ ಕಾಣುತ್ತದೆ. ನೀಲಿಯ ಪಕ್ಕ ಅದೇ ಬೂದು ಬೆಚ್ಚಗಾಗುತ್ತದೆ. ಹಳೆಯ ಮೈಸೂರು ಚಿತ್ರಗಳ ಹಿನ್ನೆಲೆ ಅಷ್ಟು ತಗ್ಗಿದ ಬಣ್ಣಗಳಲ್ಲಿ ಇರುವುದು ಸುಮ್ಮನೆ ಅಲ್ಲ. ಈಗ ಡಬ್ಬಿಯಿಂದ ನೇರವಾಗಿ ಬರುವ ಪೋಸ್ಟರ್ ಹಸಿರು ಹಾಕಿದರೆ ಪರದೆ ದೇವರಿಗಿಂತ ಮುಂದೆ ಬಂದು ನಿಲ್ಲುತ್ತದೆ. ಚಿಟಿಕೆ ಕಾವಿ ಬೆರೆಸಿದರೆ ಸಾಕು, ಹಿಂದೆ ಸರಿಯುತ್ತದೆ.

ರೇಕು ಕೂತ ಮೇಲೆ ಅದರ ಅಂಚಿಗೆ ಗೆರೆ. ಅಳಿಲಿನ ಬಾಲದ ಕೂದಲಿನ ಕುಂಚ ಇದಕ್ಕೆ ಹೇಳಿ ಮಾಡಿಸಿದ್ದು: ಹೊಟ್ಟೆಯಲ್ಲಿ ಬಣ್ಣ ಹಿಡಿದಿಟ್ಟು ತುದಿಯಿಂದ ಸ್ವಲ್ಪ ಸ್ವಲ್ಪವೇ ಬಿಡುತ್ತದೆ. ಅಳಿಲನ್ನು ಕಾನೂನು ಕಾಪಾಡುವ ಈ ಕಾಲದಲ್ಲಿ ತುದಿ ಕೂಡುವ ಒಳ್ಳೆಯ ಸಿಂಥೆಟಿಕ್ ಸೊನ್ನೆ ನಂಬರ್ ಕುಂಚವೇ ಸರಿ. ಮೈಬಣ್ಣದ ಸುತ್ತ ಶುದ್ಧ ಕಪ್ಪು ಬೇಡ, ಕಾವಿಗೆ ಒಂದು ತೊಟ್ಟು ಕಾಡಿಗೆ ಬೆರೆಸಿದ ಕೆಂಗಂದು ಸಾಕು. ಕಪ್ಪು ಗೆರೆ ಮೈಯನ್ನು ಕಾಗದದಿಂದ ಕತ್ತರಿಸಿ ಅಂಟಿಸಿದಂತೆ ಮಾಡುತ್ತದೆ, ಕೆಂಗಂದು ಮೈಯೊಳಗಿಂದಲೇ ಬಂದಂತೆ ಇರುತ್ತದೆ. ಗೆರೆ ನಡುಗುವುದಕ್ಕೆ ಹೆಚ್ಚಿನ ಸಲ ಬೆರಳಿನಿಂದ ಎಳೆಯುವುದೇ ಕಾರಣ. ಕಿರುಬೆರಳನ್ನು ಹಲಗೆಗೆ ಊರಿ, ಮಣಿಕಟ್ಟಿನಿಂದ ಎಳೆಯಬೇಕು. ಉದ್ದನೆಯ ಸೆರಗಿನ ಗೆರೆಗೆ ಮೊಣಕೈಯೂ ಚಲಿಸಬೇಕು. ಉಸಿರು ಬಿಡುತ್ತಾ ಎಳೆದರೆ ಕೈ ಸಡಿಲವಾಗಿರುತ್ತದೆ.

ಕಣ್ಣಿನ ಒಂದು ಗೆರೆಯನ್ನು ಹತ್ತಿರದಿಂದ ನೋಡೋಣ. ಮೇಲ್ರೆಪ್ಪೆ ಮೂಗಿನ ಕಡೆಯ ಮೂಲೆಯಲ್ಲಿ ಕೂದಲೆಳೆಯಷ್ಟು ಸಣ್ಣಗೆ ಶುರುವಾಗಿ, ಪಾಪೆಯ ಮೇಲೆ ಬಂದಾಗ ದಪ್ಪವಾಗಿ, ಹೊರತುದಿಯಲ್ಲಿ ಮತ್ತೆ ಸಣ್ಣದಾಗಿ ಮೇಲೇಳಬೇಕು. ಆ ದಪ್ಪವೇ ರೆಪ್ಪೆಯ ನೆರಳಿನ ಕೆಲಸ ಮಾಡುತ್ತದೆ, ಬೇರೆ ನೆರಳು ಬೇಕಿಲ್ಲ. ಕೆಳರೆಪ್ಪೆ ಒಂದೇ ಸಮನೆ ತೆಳು, ಬಣ್ಣವೂ ಕೆಂಗಂದು. ಕೆಳಗೂ ಮೇಲಿನಷ್ಟೇ ದಪ್ಪ ಎಳೆದರೆ ಕಣ್ಣಿಗೆ ಕಟ್ಟು ಹಾಕಿದಂತಾಗುತ್ತದೆ. ಪಾಪೆಯ ಮೇಲಂಚು ರೆಪ್ಪೆಯೊಳಗೆ ಅಡಗಿರಬೇಕು. ಪೂರ್ತಿ ಗುಂಡಗೆ ಬರೆದರೆ ದೇವಿ ಬೆಚ್ಚಿಬಿದ್ದಂತೆ ಕಾಣುತ್ತಾಳೆ. ಕಣ್ಣಿನ ಬಿಳಿಗೆ ಅಪ್ಪಟ ಬಿಳಿ ಹಾಕದೆ ಮೈಬಣ್ಣದ ಸುಳಿವು ಕೊಟ್ಟು, ಎರಡೂ ಮೂಲೆಗೆ ನೀರು ನೀರಾದ ಕೆಂಪು ತಾಗಿಸಿದರೆ ನೋಟಕ್ಕೆ ಜೀವ ಬರುತ್ತದೆ.

ವಿಷ್ಣುಧರ್ಮೋತ್ತರ ಪುರಾಣದ ಚಿತ್ರಸೂತ್ರ ಆಚಾರ್ಯರು ಗೆರೆಯನ್ನು ಮೆಚ್ಚುತ್ತಾರೆ, ವಿಚಕ್ಷಣರು ವರ್ತನೆಯನ್ನು, ಸಾಮಾನ್ಯರು ಬಣ್ಣದ ಶ್ರೀಮಂತಿಕೆಯನ್ನು ಎನ್ನುತ್ತದೆ. ವರ್ತನೆ ಅಂದರೆ ಛಾಯೆ ಕೊಡುವ ಬಗೆ. ಅದರಲ್ಲಿ ಪತ್ರಜ, ಐರಿಕ, ಬಿಂದುಜ ಎಂಬ ಮೂರು ಬಗೆ: ಎಲೆಯ ನರಗಳಂಥ ಗೆರೆಗಳಿಂದ, ತೀರ ಸಣ್ಣ ಗೆರೆಗಳಿಂದ, ಚುಕ್ಕೆಗಳಿಂದ. ಕೆನ್ನೆಗೆ ನನಗೆ ಹಿಡಿಸುವುದು ಸಣ್ಣ ಗೆರೆಗಳ ಬಗೆ. ಕುಂಚವನ್ನು ಬಟ್ಟೆಗೆ ಒತ್ತಿ ಮುಕ್ಕಾಲು ಒಣಗಿಸಿ, ಅಂಚಿನಿಂದ ಒಳಕ್ಕೆ ಒತ್ತೊತ್ತಾಗಿ ಎಳೆಯುತ್ತಾ ಬಂದು, ಕೆನ್ನೆಯ ನಡುವೆ ಬಿಟ್ಟುಬಿಡಬೇಕು. ಕುಂಚ ಒದ್ದೆಯಾಗಿದ್ದರೆ ಕೆಳಗಿನ ಬಣ್ಣ ಎದ್ದು ಕಲೆಯಾಗುತ್ತದೆ, ಗೋಂದಿನ ಬಣ್ಣ ನೀರು ಕಂಡರೆ ಮತ್ತೆ ಕರಗುವಂಥದ್ದು.

ಈ ಛಾಯೆ ಎಲ್ಲ ಅಂಚಿನಿಂದಲೂ ಒಳಕ್ಕೆ ಬರುತ್ತದೆ, ಬೆಳಕು ಎಡದಿಂದ ಬಂತೋ ಬಲದಿಂದ ಬಂತೋ ಎಂಬ ಪ್ರಶ್ನೆಯೇ ಇಲ್ಲ. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಇದನ್ನು ಒಂದೇ ಸೂರಿನಡಿ ಹೋಲಿಸಬಹುದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1861ರಲ್ಲಿ ಕಟ್ಟಿದ ಅರಮನೆ ಅದು, ಈ ಶೈಲಿಗೆ ಅವರು ದೊಡ್ಡ ಆಸರೆ. ಅಲ್ಲಿನ ರವಿವರ್ಮನ ತೈಲಚಿತ್ರಗಳಲ್ಲಿ ಬೆಳಕು ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಕತ್ತಲು ಬಿಟ್ಟುಹೋಗುತ್ತದೆ, ಮೈಗೆ ತೂಕ ಬರುತ್ತದೆ. ಚಿತ್ರಕಾರ ಹಳದಂಕರ್ ಅವರ ದೀಪ ಹಿಡಿದ ಹೆಂಗಸಿನ ಜಲವರ್ಣದಲ್ಲಿ ಬೆಳಕು ಚಿತ್ರದೊಳಗೇ ಇದೆ. ಜ್ವಾಲೆಗೆ ಅಡ್ಡ ಹಿಡಿದ ಬೆರಳುಗಳ ಕೆಂಪನ್ನೇ ನೋಡಿ, ಸುತ್ತಲಿನ ಕತ್ತಲನ್ನು ತೆಗೆದರೆ ಆ ದೀಪ ಆರಿಹೋಗುತ್ತದೆ. ಅಲ್ಲಿಂದ ಸಾಂಪ್ರದಾಯಿಕ ಚಿತ್ರಗಳ ಮುಂದೆ ಬಂದು ನಿಂತರೆ ದೇವರ ಮುಖ ಯಾವ ಹೊತ್ತಿನದೂ ಅಲ್ಲ, ಬೆಳಗೂ ಇಲ್ಲ ಸಂಜೆಯೂ ಇಲ್ಲ. ಒಂದು ದಿಕ್ಕಿನ ನೆರಳು ಹಾಕಿದ್ದರೆ ಆ ಭಾವ ಮುರಿಯುತ್ತಿತ್ತು. ಈಗಿನ ಕೆಲವು ಕೆಲಸಗಳಲ್ಲಿ ಮುಖಕ್ಕೆ ಫೋಟೊ ನೋಡಿ ಒಂದು ಪಕ್ಕದ ನೆರಳು ಕೊಟ್ಟು, ಒಡವೆಗೆ ಹಳೆಯ ಚಪ್ಪಟೆ ಚಿನ್ನ ಹಾಕುತ್ತಾರೆ. ಎರಡೂ ಕೂಡುವುದಿಲ್ಲ, ಕತ್ತೇ ಬೇರೆ ಹಾರವೇ ಬೇರೆ ಆಗುತ್ತದೆ.

ಎಲ್ಲ ಒಣಗಿದ ಮೇಲೆ ತೆಳು ಕಾಗದ ಹೊದಿಸಿ ನಯವಾದ ಕಲ್ಲಿನಿಂದ ಉಜ್ಜಿ ಮೆರುಗು ಕೊಡುತ್ತಾರೆ. ಗೆಸ್ಸೊ ಪೂರ್ತಿ ಒಣಗುವ ಮುಂಚೆ ಉಜ್ಜಿದರೆ ಉಬ್ಬು ಜಜ್ಜಿಹೋಗುತ್ತದೆ. ಕಟ್ಟು ಹಾಕಿಸುವಾಗ ಗಾಜು ಉಬ್ಬಿಗೆ ತಾಗದಂತೆ ಅಂಚಿನಲ್ಲಿ ಪಟ್ಟಿ ಕೊಡಲು ಹೇಳಿ, ಇಲ್ಲದಿದ್ದರೆ ಮಳೆಗಾಲದ ತೇವಕ್ಕೆ ಗೋಂದು ಮೆತ್ತಗಾಗಿ ರೇಕು ಗಾಜಿಗೇ ಅಂಟುತ್ತದೆ. ದೀಪವನ್ನು ಎದುರಿಗೆ ಹಾಕಿದರೆ ಗಾಜಿನಲ್ಲಿ ಅದೇ ಕಾಣುತ್ತದೆ. ಮೇಲಿನಿಂದ ಓರೆಯಾಗಿ ಬೀಳುವ ಬೆಳಕು ಹಾಕಿಸಿ. ಬಿಸಿಲು ನೇರ ಬೀಳುವ ಗೋಡೆ ಬೇಡವೇ ಬೇಡ, ಇಂಗಳೀಕದ ಕೆಂಪು ಬಿಸಿಲಿಗೆ ಕಪ್ಪಾಗುತ್ತದೆ, ನೀಲಿಸೊಪ್ಪಿನ ನೀಲಿ ಬಿಳಚಿಕೊಳ್ಳುತ್ತದೆ.