ಒಂದು ಜಲಪಾತಕ್ಕೆ ಮೂರು ಜಾಗದ ದುಡ್ಡು: ಡೊಮಿನಿಕಾದಲ್ಲಿ ಒಂದು ಹಗಲು

ಪ್ರವಾಸದ ವ್ಯಾನಿನವನು ‘ನಲವತ್ತು’ ಎಂದದ್ದನ್ನು ಇಡೀ ವ್ಯಾನಿಗೆ ಎಂದುಕೊಂಡೆವು. ತಲೆಗೆ ನಲವತ್ತು, ಅದೂ ಅಮೆರಿಕದ ಡಾಲರು ಎಂದು ತಿಳಿದದ್ದು ವ್ಯಾನು ಹತ್ತಿ ಕುಳಿತ ಮೇಲೆ. ಕೆರಿಬಿಯನ್ ಹಡಗು ಪ್ರವಾಸದಲ್ಲಿ ಡೊಮಿನಿಕಾ ದ್ವೀಪದ ರೋಸೋ ಬಂದರಿಗೆ ಇಳಿಯುವವರು ಬಾಡಿಗೆ ತಲೆಗೋ ಇಡೀ ವ್ಯಾನಿಗೋ, ಯಾವ ಡಾಲರಿನಲ್ಲಿ, ಟಿಕೆಟ್ ಸೇರಿದೆಯೋ ಇಲ್ಲವೋ ಎಂದು ಹತ್ತುವ ಮೊದಲೇ ಕೇಳಿಕೊಳ್ಳಿ.

ನಾವು ಮೂವರು: ನಾನು, ಹೆಂಡತಿ, ತೀರ್ಥಹಳ್ಳಿಯಿಂದ ಆರು ತಿಂಗಳಿಗೆಂದು ನಮ್ಮಲ್ಲಿಗೆ ಬಂದಿದ್ದ ಅಮ್ಮ. ಪೋರ್ಟೊ ರಿಕೊದ ಸ್ಯಾನ್ ಹುವಾನಿನಲ್ಲಿ ಹತ್ತಿದ ಹಡಗು ಬೇರೆ ನಾಲ್ಕು ದ್ವೀಪಗಳಲ್ಲೂ ನಿಂತಿತು. ಎಲ್ಲೆಡೆ ಅದೇ ಮರಳು, ಅದೇ ವಜ್ರದಂಗಡಿ. ಡೊಮಿನಿಕಾ ಹಾಗಲ್ಲ. ಬೆಟ್ಟಗಳು ನೇರ ಸಮುದ್ರಕ್ಕೆ ಇಳಿದಿವೆ, ಬೆಟ್ಟದ ತುಂಬ ಮಳೆಕಾಡು. ಅಂದಹಾಗೆ, ಹೆಂಡತಿ ಸೇನೆಯ ಹಸಿರು ಮಚ್ಚೆಯ ಟೋಪಿ ಹಾಕಿಕೊಂಡಿದ್ದಳು. ಬಂದರಿನ ಕಾವಲುಗಾರ ಅದನ್ನು ತೆಗೆದು ಚೀಲದಲ್ಲಿಡಿ ಎಂದ. ಇಲ್ಲಿ ಆ ಬಗೆಯ ಬಟ್ಟೆ ಸೈನಿಕರಲ್ಲದವರು ತೊಡುವುದು ಕಾನೂನಿಗೆ ವಿರುದ್ಧ.

ಹಡಗಿನವರೇ ಮಾರುವ ಪ್ರವಾಸ ದುಬಾರಿ ಎಂದುಕೊಂಡು, ಹೊರಗೆ ಫಲಕ ಹಿಡಿದು ನಿಂತಿದ್ದವನನ್ನು ನಂಬಿದೆವು. ಟ್ರಫಾಲ್ಗರ್ ಜಲಪಾತ, ಎಮರಾಲ್ಡ್ ಪೂಲ್, ಟೀಟೂ ಕಮರಿ. ಮೂರು ಗಂಟೆಯಲ್ಲಿ ಮೂರೂ ಎಂದ. ಅದರಲ್ಲಿ ಮುಕ್ಕಾಲು ಗಂಟೆ ವ್ಯಾನಿಗೆ ಜನ ತುಂಬುವುದಕ್ಕೇ ಹೋಯಿತು. ಆಮೇಲೆ ಊರಂಚಿನ ಸಸ್ಯೋದ್ಯಾನದಲ್ಲಿ ನಿಲ್ಲಿಸಿ, ಇದು ಉಚಿತ ಎಂದು ಇಳಿಸಿದ. 1979ರ ಡೇವಿಡ್ ಚಂಡಮಾರುತದಲ್ಲಿ ದೊಡ್ಡ ಬಾವೊಬಾಬ್ ಮರವೊಂದು ಖಾಲಿ ಶಾಲಾ ಬಸ್ಸಿನ ಮೇಲೆ ಉರುಳಿ ಅದನ್ನು ಅಪ್ಪಚ್ಚಿ ಮಾಡಿದೆ. ಬಸ್ಸು ಹಾಗೇ ಇದೆ, ಮರ ಮಾತ್ರ ಮತ್ತೆ ಚಿಗುರಿದೆ. ನೋಡಬೇಕಾದದ್ದೇ, ಆದರೆ ಬಂದರಿನಿಂದ ನಡೆದೇ ಹೋಗಬಹುದಾದ ಜಾಗ.

ರೋಸೋದಿಂದ ಟ್ರಫಾಲ್ಗರ್ ಸುಮಾರು ಎಂಟು ಕಿಲೋಮೀಟರು. ರಸ್ತೆ ಕಿರಿದು, ತಿರುವು ಹೆಚ್ಚು, ಆಗುಂಬೆ ಘಾಟಿ ಇಳಿದವರಿಗೆ ಹೊಸತೇನಲ್ಲ. ಬಾಗಿಲಲ್ಲಿ ಪ್ರವೇಶ ಟಿಕೆಟ್ ಬೇರೆ, ನಾವು ಹೋದಾಗ ತಲೆಗೆ 5 ಅಮೆರಿಕನ್ ಡಾಲರ್. ಚಾಲಕನ ಕೈಗೆ ಇಪ್ಪತ್ತು ಕೊಟ್ಟರೆ ಟಿಕೆಟ್ ತಂದು, ಚಿಲ್ಲರೆಯೆಂದು ಹತ್ತು ಇಸಿ ಡಾಲರ್ ಹಿಂದಿರುಗಿಸಿದ. ಇಲ್ಲಿ ನಡೆಯುವುದು ಪೂರ್ವ ಕೆರಿಬಿಯನ್ ಡಾಲರು, ಎಲ್ಲರೂ ಇಸಿ ಎನ್ನುತ್ತಾರೆ. ಒಂದು ಅಮೆರಿಕನ್ ಡಾಲರಿಗೆ 2.70 ಇಸಿ ಎಂಬ ದರ 1976ರಿಂದಲೂ ಅಲುಗಾಡಿಲ್ಲ. ಅಂದರೆ ಉಳಿದ ಐದು ಡಾಲರಿಗೆ ಅವನು ಕೊಡಬೇಕಿದ್ದದ್ದು ಹದಿಮೂರೂವರೆ ಇಸಿ. ಮೊತ್ತ ಸಣ್ಣದು, ನನಗೆ ಮಾತ್ರ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ಸಣ್ಣ ಒಂದು ಡಾಲರ್ ನೋಟುಗಳನ್ನು ಜೇಬಿನಲ್ಲಿಟ್ಟುಕೊಂಡೇ ಇಳಿಯಿರಿ.

ಬಾಗಿಲಿನಿಂದ ಹತ್ತು ಹದಿನೈದು ನಿಮಿಷ ನಡೆದರೆ ಮರದ ವೀಕ್ಷಣಾ ಕಟ್ಟೆ. ಎದುರಿಗೆ ಜೋಡಿ ಜಲಪಾತ; ಎತ್ತರದ್ದನ್ನು ಅಪ್ಪ, ಗಿಡ್ಡದ್ದನ್ನು ಅಮ್ಮ ಎನ್ನುತ್ತಾರೆ. ಆ ಹೊತ್ತಿಗೆ ಕಟ್ಟೆಯ ಮೇಲೆ ಕಾಲಿಡಲು ಜಾಗವಿರಲಿಲ್ಲ. ಬಂದರಿನಲ್ಲಿ ಆ ದಿನ ಇನ್ನೊಂದು ಹಡಗೂ ಇತ್ತು. ಜಾತ್ರೆಯಲ್ಲಾದರೂ ಸರದಿ ಇರುತ್ತದೆ. ಇಲ್ಲಿ ಮೊಬೈಲ್ ಹಿಡಿದ ಕೈಗಳ ನಡುವೆ ಸಿಕ್ಕಷ್ಟು ನೀರು ನೋಡಿಕೊಳ್ಳಬೇಕು. ಇಪ್ಪತ್ತೈದು ನಿಮಿಷಕ್ಕೆ ಚಾಲಕ ಕೂಗಿದ. ಅಮ್ಮ ಬೆಂಚಿನಿಂದ ಏಳಲಿಲ್ಲ. “ನೀವು ಬೇಕಾದರೆ ಹೋಗಿ, ನಾನು ಈಗಷ್ಟೇ ಕೂತಿದ್ದೇನೆ” ಎಂದರು. ದುಡ್ಡು ವಾಪಸ್ ಕೇಳಿದೆ, ಕೊಡಲಿಲ್ಲ. ವ್ಯಾನು ಹೋಯಿತು.

ಅದೇ ಒಳ್ಳೆಯದಾಯಿತು. ಮಧ್ಯಾಹ್ನ ಹನ್ನೆರಡು ದಾಟುವ ಹೊತ್ತಿಗೆ ಕಟ್ಟೆಯ ಮೇಲೆ ನಾವು ಮೂವರು, ಒಬ್ಬ ಕಸ ಗುಡಿಸುವವನು, ಅಷ್ಟೇ. ಮರದೆತ್ತರದ ಜರೀಗಿಡಗಳ ಮೇಲೆ ಮಳೆ ಸಣ್ಣಗೆ ಹನಿದು ನಿಂತಿತು. 2017ರ ಸೆಪ್ಟೆಂಬರಿನಲ್ಲಿ ಮಾರಿಯಾ ಚಂಡಮಾರುತ ಈ ಬೆಟ್ಟಗಳಲ್ಲಿ ಎಲೆಯೊಂದನ್ನೂ ಉಳಿಸಿರಲಿಲ್ಲವಂತೆ. ಈಗ ನೋಡಿದರೆ ನಂಬಿಕೆ ಬರುವುದಿಲ್ಲ. ಹೆಂಡತಿಯೂ ನಾನೂ ಬಂಡೆ ಹತ್ತಿ ಮೇಲಕ್ಕೆ ಹೋದೆವು. ತಣ್ಣನೆಯ ಹೊಳೆಯ ಪಕ್ಕದಲ್ಲೇ ಗಂಧಕದ ಬಿಸಿನೀರು ಹರಿದು ಕಲ್ಲೆಲ್ಲ ಕಾವಿಬಣ್ಣವಾಗಿದೆ. ಒಂದು ಕಾಲು ತಣ್ಣೀರಿನಲ್ಲಿ, ಒಂದು ಕಾಲು ಬಿಸಿನೀರಿನಲ್ಲಿ ಇಟ್ಟು ಅರ್ಧ ಗಂಟೆ ಕುಳಿತೆವು. ಬಂಡೆ ವಿಪರೀತ ಜಾರುತ್ತದೆ. ಚಪ್ಪಲಿಯಲ್ಲಿ ಹತ್ತಲು ಹೋಗಬೇಡಿ, ಮಂಡಿನೋವಿನವರು ಕಟ್ಟೆಯಲ್ಲೇ ಉಳಿಯಿರಿ. ದ್ವೀಪದಲ್ಲಿ ವಿಷದ ಹಾವಿಲ್ಲ. ಮಲೆನಾಡಿನವನಾದ ನಾನು ಅಭ್ಯಾಸಬಲದಿಂದ ಗಳಿಗೆಗೊಮ್ಮೆ ಪಾದ ನೋಡಿಕೊಂಡೆ, ಒಂದು ಇಂಬಳವೂ ಹತ್ತಿರಲಿಲ್ಲ.

ಕುದಿನೀರಿನ ಸರೋವರವಾದ ಬಾಯ್ಲಿಂಗ್ ಲೇಕ್‌ಗೆ ಕರೆದೊಯ್ಯುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಹೋಗಿಬರಲು ಆರು ಗಂಟೆ ಮೀರುವ ಕಡಿದಾದ ಚಾರಣ. ನೀವು ತಡವಾದರೆ ಹಡಗು ಕಾಯುವುದಿಲ್ಲ.

ಇಳಿಯುವಾಗ ಟ್ರಫಾಲ್ಗರ್ ಹಳ್ಳಿಯವರೆಗೆ ನಡೆದು, ಊರಿನವರು ಹತ್ತುವ ಮಿನಿ ಬಸ್ಸಿಗೆ ಕೈ ಮಾಡಿದೆವು. ಮೂವರಿಗೂ ಸೇರಿ ಕೊಟ್ಟದ್ದು ಬೆಳಗಿನ ಒಬ್ಬರ ಬಾಡಿಗೆಯ ಕಾಲು ಭಾಗವೂ ಅಲ್ಲ. ಶಾಲೆಯ ಮಕ್ಕಳು, ಬಾಳೆಗೊನೆ, ಜೋರು ಹಾಡು. ಅಮ್ಮನಿಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟರು.

ಇನ್ನು ಊಟ. ಸಸ್ಯಾಹಾರಿಗಳು ರೋಸೋದಲ್ಲಿ ‘ಐಟಲ್’ ಎಂಬ ಒಂದೇ ಪದ ನೆನಪಿಟ್ಟುಕೊಂಡರೆ ಸಾಕು. ರಾಸ್ತಾಫಾರಿ ಪಂಥದವರ ಮಾಂಸವಿಲ್ಲದ ಅಡುಗೆ ಅದು. ಹಿಂದಿನ ಬೀದಿಯೊಂದರಲ್ಲಿ ನಾಲ್ಕು ಸ್ಟೂಲು, ಒಂದು ಒಲೆ, ಜಡೆಗಟ್ಟಿದ ಕೂದಲಿನ ಹಿರಿಯನೊಬ್ಬ. ಒಣಕಾಯಿಯ ಬುರುಡೆಯ ಬಟ್ಟಲಿನಲ್ಲಿ ಅನ್ನ, ಬೇಳೆ, ಸುಟ್ಟ ಜೀಗುಜ್ಜೆ, ಬೇಯಿಸಿದ ಬಾಳೆಕಾಯಿ, ತೆಂಗಿನಹಾಲಿನಲ್ಲಿ ಕುದಿಸಿದ ಹಸಿರು ಸೊಪ್ಪು. ಅಮ್ಮ ಒಂದು ತುತ್ತು ಬಾಯಿಗಿಟ್ಟು, “ಇದು ಕೆಸುವಿನ ಎಲೆ ಕಣೋ” ಎಂದರು. ಹೌದು, ಇವರ ಕ್ಯಾಲಲೂ ನಮ್ಮ ಕೆಸುವಿನ ಸೊಪ್ಪೇ. ಹುಳಿ ಹಾಕದೆ ಗಂಟಲು ತುರಿಸದ ಹಾಗೆ ಹೇಗೆ ಮಾಡಿದ ಎಂದು ಕೇಳು ಎಂದರು. ಬಹಳ ಹೊತ್ತು ಬೇಯಿಸಬೇಕು ಎಂದ ಆತ, ಪಾತ್ರೆಯ ಮುಚ್ಚಳ ತೆಗೆದು ತೋರಿಸಿದ. ಉಪ್ಪು ಹಾಕುವುದಿಲ್ಲ, ಮೊದಲ ಎರಡು ತುತ್ತು ಸಪ್ಪೆ, ಮೂರನೆಯದರಿಂದ ತೆಂಗಿನಹಾಲಿನ ಸಿಹಿ ಸಿಗುತ್ತದೆ. ಜೀಗುಜ್ಜೆಯ ಸುಟ್ಟ ಸಿಪ್ಪೆಯ ಹೊಗೆವಾಸನೆಗೆ ನಾನು ಇನ್ನೊಂದು ಬಟ್ಟಲು ಹಾಕಿಸಿಕೊಂಡೆ. ಬೇರೆ ಕಡೆ ಕ್ಯಾಲಲೂ ತಿನ್ನುವ ಮುನ್ನ ಕೇಳಿ, ಏಡಿ ಹಾಕುವುದೂ ಉಂಟು. ‘ಮೌಂಟನ್ ಚಿಕನ್’ ಎಂಬ ಹೆಸರು ಕಿವಿಗೆ ಬಿದ್ದರೆ ಅದು ಕೋಳಿಯಲ್ಲ, ದೊಡ್ಡ ಕಪ್ಪೆ. ಅಳಿವಿನ ಅಂಚಿಗೆ ಬಂದಿರುವ ಪ್ರಾಣಿ.

ಹಡಗಿಗೆ ಮರಳುವ ದಾರಿಯಲ್ಲಿ ನದಿಯ ಬಾಯಿಯ ಬಳಿಯ ಮಾರುಕಟ್ಟೆಯಲ್ಲಿ ಅಮ್ಮ ಎರಡು ಕೆಸುವಿನ ಗೆಡ್ಡೆ, ಒಂದು ಕಟ್ಟು ಎಲೆ ಕೊಂಡರು, ಪತ್ರೊಡೆಗೆ. ಹಡಗಿನ ಬಾಗಿಲಲ್ಲಿ ಚೀಲ ತಪಾಸಣೆ ಮಾಡಿ ಎಲ್ಲವನ್ನೂ ತೆಗೆದಿಟ್ಟುಕೊಂಡರು. ಹಸಿ ತರಕಾರಿ ಒಯ್ಯುವಂತಿಲ್ಲ. ಟೋಪಿ ಮಾತ್ರ ಹೆಂಡತಿಗೆ ಉಳಿಯಿತು.