ಹೂವಿನ ಬದಲು ಒಂದು ಕೊಂಬೆ

ಜಪಾನಿನ ಕೋಯಾಸಾನ್ ಬೆಟ್ಟ. ಪೂಜೆಗೆ ಹೂವು ಕೇಳಿದರೆ ಅಂಗಡಿಯ ಅಜ್ಜಿ ಬಕೆಟ್ ತುಂಬ ಇದ್ದ ಹಸಿರು ಕೊಂಬೆಗಳನ್ನು ತೋರಿಸಿದರು. ಕೋಯಾಮಾಕಿ ಎಂಬ ಮರದ ಕೊಂಬೆಗಳು! ಇಲ್ಲಿ ಬುದ್ಧನಿಗೂ ಗತಿಸಿದ ಹಿರಿಯರಿಗೂ ಇದೇ ಹೂವು. ಕೊಡೆಯ ಕಡ್ಡಿಗಳಂತೆ ಸುತ್ತ ಹರಡಿದ ಎಲೆಗಳು, ಪ್ರತಿಯೊಂದರ ನಡುವೆಯೂ ಉದ್ದಕ್ಕೆ ಒಂದು ಗೀರು. ಡೈನೋಸಾರ್ ಕಾಲದ ವಂಶವಂತೆ. ಇಡೀ ಕುಟುಂಬದಲ್ಲಿ ಉಳಿದಿರುವುದು ಇದೊಂದೇ ಜಾತಿ, ಸಹಜವಾಗಿ ಬೆಳೆಯುವುದೂ ಜಪಾನಿನಲ್ಲಿ ಮಾತ್ರ. ನೀರಿಗೆ ಬೇಗ ಕೊಳೆಯದ ಮರ, ಹಾಗಾಗಿ ಸ್ನಾನದ ತೊಟ್ಟಿಗೂ ದೋಣಿಗೂ ಇದು ಬೇಕು. 1971ರಲ್ಲಿ ಕೊರಿಯಾದಲ್ಲಿ ಪತ್ತೆಯಾದ ರಾಜ ಮುರ್ಯೊಂಗನ ಸಮಾಧಿಯ ಶವಪೆಟ್ಟಿಗೆಯೂ ಇದರದ್ದೇ. ಸತ್ತ ರಾಜನಿಗಾಗಿ ಕಡಲು ದಾಟಿದ ಮರ!

ಒಂದು ಕಟ್ಟು ಕೊಂಡೆ. ಊರಿಗೆ ತರುವುದು ದೂರದ ಮಾತು. ಓಕುನೊಯಿನ್ ಸ್ಮಶಾನದಲ್ಲಿ ಪಾಚಿ ಹಿಡಿದ ಯಾರದೋ ಗೋರಿಯ ಮುಂದೆ ಇಟ್ಟು ಬಂದೆ.